ಎದುರು ಮನೆಗೆ ಕಟ್ಟಿದ ಎಳ್ಳಿನ ಪೊಟ್ಟಣ

ಕೋಮಲಾಗೆ ಸಿಟ್ಟು ಬರುವುದು ಹೊಸದೇನಲ್ಲ. ಕಡೂರಿನಲ್ಲಿ ಅವಳ ಹತ್ತಿರ ರವಿಕೆ ಹೊಲಿಸುವ ಹೆಂಗಸರಿಗೆಲ್ಲ ಅದು ಚೆನ್ನಾಗಿ ಗೊತ್ತು. ಅಳತೆ ರವಿಕೆ ತರದೆ, ಹೋದ ಸಲದ ಥರಾನೇ ಹೊಲಿದುಬಿಡಿ ಎಂದವರಿಗೆ, ನಾಳೆ ಮದುವೆ ಇಟ್ಟುಕೊಂಡು ಇವತ್ತು ಬಟ್ಟೆ ತಂದು ಹಲ್ಲು ಕಿರಿದವರಿಗೆ ಅವಳ ಬಾಯಿಂದ ನಾಲ್ಕು ಮಾತು ಬಿದ್ದೇ ಬೀಳುತ್ತದೆ. ಬೈದ ಮೇಲೆ ಹೊತ್ತಿಗೆ ಸರಿಯಾಗಿ ಹೊಲಿದೂ ಕೊಡುತ್ತಾಳೆ. ಆದ್ದರಿಂದ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಈ ಸಂಕ್ರಾಂತಿಯ ದಿನ ಬಂದ ಸಿಟ್ಟು ಅಂಥದ್ದಲ್ಲ. ಅಂಥ ಸಿಟ್ಟು ಅವಳಿಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ.

ಎಳ್ಳು ಕಟ್ಟುವುದೆಂದರೆ ಅವಳಿಗೆ ಹಬ್ಬಕ್ಕಿಂತ ದೊಡ್ಡ ಹಬ್ಬ. ಅಂಗಡಿಯಲ್ಲಿ ಬೆರೆಸಿದ ಎಳ್ಳೇ ಸಿಗುತ್ತದಲ್ಲ, ತಂದು ಕವರಿಗೆ ಸುರಿದರಾಯಿತು ಎಂದು ಅವಳ ಎದುರಿಗೆ ಒಂದು ಸಲ ಹೇಳಿ ನೋಡಿ! ಕೊಬ್ಬರಿ ಬಟ್ಟಲಿನ ಕಪ್ಪು ಸಿಪ್ಪೆ ಹೆರೆದು, ಹಾಲಿನಂಥ ಬಿಳಿ ಬರುವವರೆಗೂ ಬಿಡಳು. ಅದನ್ನು ಸಣ್ಣಗೆ ಹೆಚ್ಚಿ, ಬೆಲ್ಲದ ಅಚ್ಚನ್ನು ಅದೇ ಅಳತೆಗೆ ಚೂರು ಮಾಡಿ, ತಾರಸಿಯ ಮೇಲೆ ಹಳೆ ಪಂಚೆ ಹಾಸಿ ಒಣಗಿಸುತ್ತಾಳೆ. ಎಳ್ಳು ಹುರಿಯುವಾಗ ಒಲೆಯ ಹತ್ತಿರ ಯಾರೂ ಮಾತಾಡುವ ಹಾಗಿಲ್ಲ. ಸಕ್ಕರೆ ಅಚ್ಚು ಹೊಯ್ಯುವ ದಿನವಂತೂ ಗಂಡ ಹೊನ್ನೇಶ್ ಅಡುಗೆ ಮನೆಯ ಕಡೆ ತಲೆ ಹಾಕುವುದಿಲ್ಲ. ಬಸ್ ಡಿಪೋದ ಮೆಕ್ಯಾನಿಕ್ ಅವನು. ಗ್ರೀಸಿನ ಕೈಯಲ್ಲಿ ಒಂದು ಸಲ ಗಿಣಿ ಅಚ್ಚನ್ನು ಮುಟ್ಟಿ ತಿಂದ ಬೈಗುಳ ಅವನಿಗೆ ಇನ್ನೂ ನೆನಪಿದೆ.

"ಬುದ್ಧ ಪೂರ್ಣಿಮೆಗೂ ಇಷ್ಟು ಕಷ್ಟ ಪಡಲ್ವಲ್ಲೇ ನೀನು" ಎಂದು ಅವನು ಕಿಚಾಯಿಸುತ್ತಾನೆ. ಅವರ ಮನೆಯ ಹಾಲಿನಲ್ಲಿರುವುದು ಬುದ್ಧನ ಪಟ, ಅದರ ಪಕ್ಕ ಬಾಬಾಸಾಹೇಬರ ಪಟ.

"ಎಳ್ಳು ಬೆಳೆದೋರ್ಯಾರು? ಕುಯ್ದೋರ್ಯಾರು? ನಮ್ಮಪ್ಪ ನಮ್ಮವ್ವನೇ ಅಲ್ವಾ?" ಎನ್ನುತ್ತಾಳೆ ಅವಳು. "ಬೇರೆಯೋರ ಹೊಲದಲ್ಲಿ ಬೆನ್ನು ಬಗ್ಗಿಸ್ದೋರು ನಾವು, ಎಳ್ಳು ಬೀರೋರು ಮಾತ್ರ ಅವ್ರಾ? ಸುಮ್ನಿರು ಕಂಡಿದೀನಿ."

ಅಜ್ಜಂಪುರದ ಕಡೆಯ ಹಳ್ಳಿಯೊಂದರ ಕೇರಿಯಲ್ಲಿ ಹುಟ್ಟಿದವಳು ಕೋಮಲಾ. ಸಂಕ್ರಾಂತಿಯ ದಿನ ಊರ ಒಳಗಿನ ಹುಡುಗಿಯರು ಜರಿ ಲಂಗ ಹಾಕಿಕೊಂಡು, ತಟ್ಟೆಗೆ ಕ್ರೋಶಾ ಹೆಣಿಗೆಯ ಬಟ್ಟೆ ಮುಚ್ಚಿಕೊಂಡು ಮನೆ ಮನೆಗೆ ಹೋಗುವುದನ್ನು ಚಿಕ್ಕವಳಿದ್ದಾಗ ದೂರ ನಿಂತು ನೋಡುತ್ತಿದ್ದಳು. ಆ ತಟ್ಟೆ ಕೇರಿಯ ಕಡೆ ಯಾವತ್ತೂ ತಿರುಗಲಿಲ್ಲ. ಆಗಲೇ ಮನಸ್ಸಿನಲ್ಲಿ ಹಟ ಹುಟ್ಟಿರಬೇಕು. ಹೊಲಿಗೆ ಕಲಿತಳು, ಮದುವೆಯಾಗಿ ಕಡೂರಿಗೆ ಬಂದಳು, ಇಬ್ಬರೂ ದುಡಿದು ಹೊಸ ಬಡಾವಣೆಯಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿದರು. ಗೃಹಪ್ರವೇಶಕ್ಕೆ ಹೋಮದ ಹೊಗೆ ಏಳಲಿಲ್ಲ, ಬುದ್ಧವಂದನೆ ಕೇಳಿಸಿತು. ಇವರು ಯಾರು ಎಂದು ಬೀದಿಗೆಲ್ಲ ಅವತ್ತೇ ಗೊತ್ತಾಯಿತು. ಮುಂದಿನ ಸಂಕ್ರಾಂತಿಗೇ ಕೋಮಲಾ ಮಗಳು ಶ್ರುತಿಗೆ ಲಂಗ ಹೊಲಿದು ಹಾಕಿ, ಕೈಗೆ ತಟ್ಟೆ ಕೊಟ್ಟು, ಬೀದಿಯ ಮನೆಗಳಿಗೆಲ್ಲ ಕರೆದುಕೊಂಡು ಹೊರಟಳು. ಮೊದಲು ನಗುನಗುತ್ತಾ ಬಾಗಿಲು ತೆರೆದವಳು ಎದುರು ಮನೆಯ ಪ್ರತಿಮಾ.

ಪ್ರತಿಮಾ ಎಮ್ಮೆದೊಡ್ಡಿ ಕಡೆಯ ಜಮೀನುದಾರರ ಸೊಸೆ. ಗಂಡ ಹಾಲೇಶ್ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವಳ ಮಗಳು ಬೃಂದಾ, ಶ್ರುತಿಯ ತರಗತಿಯವಳೇ. ಹೆಂಗಸರಿಬ್ಬರೂ ಸಂಜೆ ಗೇಟಿನ ಹತ್ತಿರ ನಿಂತರೆ ಮಾತು ಮುಗಿಯುತ್ತಲೇ ಇರಲಿಲ್ಲ. ಪ್ರತಿಮಾಳ ರವಿಕೆಗಳನ್ನೆಲ್ಲ ಹೊಲಿಯುವವಳು ಕೋಮಲಾ. ಆದರೆ ಆ ಮನೆಯ ಜಗುಲಿ ದಾಟಿ ಒಳಗೆ ಹೋದವಳಲ್ಲ. "ನಮ್ಮತ್ತೆ ಇದಾರಲ್ಲ ಕಣ್ರೀ, ಹಳೇ ಕಾಲದೋರು. ನಂಗೇನೂ ಇಲ್ಲಪ್ಪ" ಎಂದು ಪ್ರತಿಮಾ ಮೆಲ್ಲಗೆ ಹೇಳಿದ್ದಳು. ಹೇಳಿದಳಲ್ಲ, ಮನಸ್ಸಿನಲ್ಲಿಲ್ಲವಲ್ಲ, ಅಷ್ಟು ಸಾಕು ಎಂದುಕೊಂಡಿದ್ದಳು ಕೋಮಲಾ. ಅತ್ತೆ ಅಂಜಿನಮ್ಮ ತೀರಿಕೊಂಡು ಎರಡು ವರ್ಷವಾದರೂ ಇವಳಿಗೆಂದು ಹಾಕುತ್ತಿದ್ದ ಕುರ್ಚಿ ಜಗುಲಿಯಲ್ಲೇ ಇತ್ತು. ಅದೂ ರೂಢಿ ಎಂದು ಇವಳು ಸುಮ್ಮನಿದ್ದಳು.

ಪ್ರತಿಮಾಳ ಮನೆಯಲ್ಲಿ ಪಾತ್ರೆ ತೊಳೆಯಲು ಆಳು ಬೇಕಾದಾಗಲೂ ಕೇಳಿದ್ದು ಇವಳನ್ನೇ. "ನಿಮ್ಮ ಕಡೆಯೋರು ಯಾರಾದ್ರೂ ಇದ್ರೆ ಹೇಳ್ರೀ" ಎಂದಿದ್ದಳು. ಬೀದಿಯಲ್ಲಿ ಅಷ್ಟು ಮನೆಗಳಿದ್ದರೂ ತನ್ನನ್ನೇ ಯಾಕೆ ಕೇಳಿದಳು ಎಂದು ಆಗ ಕೋಮಲಾ ಯೋಚಿಸಲಿಲ್ಲ. ತಾಯಿಯ ತಂಗಿ ಕರಿಯಮ್ಮ ಹಳೇ ಪೇಟೆಯ ಆಚೆಯ ಕೇರಿಯಲ್ಲಿದ್ದಳು. ಗಂಡ ಹೋದಮೇಲೆ ಕೂಲಿಗೆ ಹೋಗಿ ಸೊಂಟ ಬಿದ್ದಿತ್ತು. ಅವಳನ್ನೇ ಸೇರಿಸಿದಳು. ಕರಿಯಮ್ಮ ಅವತ್ತಿನಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಆ ಮನೆಯ ಹಿತ್ತಲಿಗೆ ಬಂದು ಹೋಗುತ್ತಾಳೆ.

ಈ ಸಲ ಪೊಟ್ಟಣ ಕಟ್ಟಲು ಕೋಮಲಾ ಪೇಟೆಯ ಫ್ಯಾನ್ಸಿ ಸ್ಟೋರಿನಿಂದ ನೇರಳೆ ಬಣ್ಣದ ಮಿಂಚು ಕಾಗದ ತಂದಿದ್ದಳು. ರಟ್ಟಿನ ಪುಟ್ಟ ಡಬ್ಬಿಗೆ ಎಳ್ಳು ತುಂಬಿ, ಮೇಲೆ ಎರಡು ಸಕ್ಕರೆ ಅಚ್ಚು ಇಟ್ಟು, ಕಾಗದ ಸುತ್ತಿ, ಮೂಲೆಗಳನ್ನು ರವಿಕೆಯ ಅಂಚು ಮಡಿಸಿದ ಹಾಗೆ ಒಳಕ್ಕೆ ಎರಡು ಸಲ ಮಡಿಸಿ ಅಂಟು ಹಚ್ಚುವುದು ಅವಳ ಕ್ರಮ. ಟೇಪು ಹೊರಗೆ ಕಾಣಬಾರದು. ಸೀರೆಗೆ ಹಚ್ಚಿ ಉಳಿದ ಜರಿ ಲೇಸಿನಿಂದ ಅಡ್ಡಕ್ಕೂ ಉದ್ದಕ್ಕೂ ಕಟ್ಟುತ್ತಾಳೆ. ಬೀದಿಯ ಮನೆಗಳಿಗೆ, ಡಿಪೋದ ಸ್ನೇಹಿತರಿಗೆ, ಶ್ರುತಿಯ ಟೀಚರಿಗೆ, ತರೀಕೆರೆಯ ನಾದಿನಿ ಮನೆಗೆ ಎಲ್ಲಕ್ಕೂ ಅದೇ ಕಾಗದ, ಅದೇ ಲೇಸು. ಎದುರು ಮನೆಯ ಪೊಟ್ಟಣದೊಳಗೆ ಮಾತ್ರ ಪ್ರತಿ ವರ್ಷವೂ ಶ್ರುತಿ ಬೃಂದಾಗೆಂದು ಏನಾದರೊಂದು ಇಡುತ್ತಾಳೆ. ಈ ಸಲ ತಾನೇ ಕೂತು ಪೋಣಿಸಿದ ಹಸಿರು ಮಣಿಯ ಬಳೆ ಇಟ್ಟಿದ್ದಳು. ನಡುವಿನ ಬಿಳಿ ಮಣಿಗಳ ಮೇಲೆ ಬೃಂದಾಳ ಹೆಸರನ್ನೂ ಬರೆದಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ತಾಯಿ ಮಗಳು ಎಳ್ಳು ಬೀರಿ ಬಂದರು. ಪ್ರತಿಮಾ ಜಗುಲಿಯಲ್ಲೇ ಅರಿಶಿನ ಕುಂಕುಮ ಕೊಟ್ಟು, ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅಯ್ಯೋ, ಬಿಚ್ಚೋಕೇ ಮನಸ್ಸು ಬರಲ್ಲ ಕಣ್ರೀ! ಹೋದ ವರ್ಷ ನಿಮ್ಮ ಎಳ್ಳು ಒಂದೇ ದಿನಕ್ಕೆ ಖಾಲಿ. ಕೊಬ್ಬರಿ ಅಷ್ಟು ಸಣ್ಣಗೆ ಹೆಂಗ್ರೀ ಹೆಚ್ತೀರಾ? ಬೃಂದಾ ಯಾರಿಗೂ ಕೊಡ್ಲಿಲ್ಲ" ಎಂದಳು.

ಕೋಮಲಾ ಆ ಮಾತನ್ನು ಮನೆಯವರೆಗೂ ಬಾಯಲ್ಲಿ ಬೆಲ್ಲದ ಹಾಗೆ ಇಟ್ಟುಕೊಂಡು ಬಂದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕರಿಯಮ್ಮ ಬಂದಳು. ಅವಳು ಹಾಗೆ ಬರುವುದು ಅಪರೂಪ. ಕೆಲಸ ಮುಗಿಸಿ ನೇರ ತನ್ನ ಮನೆಗೆ ಹೋಗಿಬಿಡುತ್ತಿದ್ದಳು, ಅಲ್ಲಿ ಮೊಮ್ಮಗಳು ಕಾಯುತ್ತಿರುತ್ತಿದ್ದಳು. ಈಗ ಮಗ ಕೆಂಪರಾಜು ಹೆಂಡತಿ ಮಗಳನ್ನು ಕರೆದುಕೊಂಡು ಕೆಲಸಕ್ಕೆಂದು ತರೀಕೆರೆಗೆ ಹೋಗಿದ್ದ.

"ಶ್ರುತೀ, ಬಾರವ್ವ ಇಲ್ಲಿ. ನೋಡು ಏನು ತಂದಿವ್ನಿ ನಿಂಗೆ" ಎಂದು ಸೆರಗಿನ ಒಳಗಿನಿಂದ ತೆಗೆದಳು. ನೇರಳೆ ಕಾಗದ, ಜರಿ ಲೇಸು. "ಪ್ರತಿಮಮ್ಮ ಕೊಟ್ರು. ವರ್ಷ ವರ್ಷಾನೂ ನಂಗೆ ಅಂತಾನೇ ಒಂದು ಎತ್ತಿಟ್ಟಿರ್ತರೆ ಕಣ್ ತಾಯಿ. ನಮ್ ಪಾಪು ಇಲ್ವಲ್ಲ, ನೀನಾರ ತಿನ್ನು ಅಂತ ತಂದೆ. ಹೋದ್ ವರ್ಷದ್ರಲ್ಲಿ ಕೂದಲಿಗೆ ಹಾಕೋ ಕ್ಲಿಪ್ಪು ಇತ್ತು, ಅದ್ರಾಚೆ ವರ್ಷ ಒಂದು ಪುಟ್ಟ ಕನ್ನಡಿ. ಎಷ್ಟು ದೊಡ್ ಮನ್ಸು ನೋಡು ಆಯಮ್ಮಂದು!"

ಕೋಮಲಾ ಮೂಲೆಯ ಮಡಿಕೆ ನೋಡಿದಳು. ಬಿಚ್ಚಿರಲಿಲ್ಲ. ಒಂದು ಕಡೆ ಉಗುರು ತಾಗಿದ ಗುರುತು ಕೂಡ ಇರಲಿಲ್ಲ. ಅಷ್ಟರಲ್ಲಿ ಶ್ರುತಿ ಲೇಸು ಎಳೆದು ಡಬ್ಬಿಯ ಮುಚ್ಚಳ ತೆಗೆದೇಬಿಟ್ಟಳು. ಎಳ್ಳಿನ ಮೇಲೆ ಹಸಿರು ಮಣಿಯ ಬಳೆ ಕೂತಿತ್ತು.

ಹುಡುಗಿ ಅದನ್ನು ಕೈಗೆ ತೆಗೆದುಕೊಂಡು, "ಅಮ್ಮ, ಇದು ಬೃಂದಾಂದು" ಎಂದಳು. ಮೂಗು ಸೊರ ಸೊರ ಎನ್ನಿಸುತ್ತಾ ಬಳೆಯನ್ನು ಮುಷ್ಟಿಯಲ್ಲಿ ಅಮುಕಿ ಹಿಡಿದಳು.

ಕ್ಲಿಪ್ಪು. ಕನ್ನಡಿ. ಎಲ್ಲವೂ ಈ ಕೈಯಲ್ಲೇ ಕಟ್ಟಿದ್ದು. ಒಂದೇ ದಿನಕ್ಕೆ ಖಾಲಿಯಂತೆ! ಯಾರಿಗೂ ಕೊಡಲಿಲ್ಲವಂತೆ! ಥೂ, ಸುಳ್ಳಿಗೂ ಒಂದು ಮಿತಿ ಬೇಡವೇ? ಬೇಡ ಎಂದಿದ್ದರೆ ಬೇಡ ಎನ್ನಬಹುದಿತ್ತು, ಬಾಗಿಲು ಹಾಕಿಕೊಳ್ಳಬಹುದಿತ್ತು. ತಿನ್ನದ ಎಳ್ಳಿಗೆ ರುಚಿ ಹೇಳಿ, ಹೊಗಳಿ, ಅರಿಶಿನ ಕುಂಕುಮ ಕೊಟ್ಟು, ಬೆನ್ನು ತಿರುಗಿದ ಕೂಡಲೇ ಹಿತ್ತಲ ಬಾಗಿಲಿಂದ ಹೊರಗೆ ಹಾಕಿದ್ದಾಳಲ್ಲ, ಅದೂ ಇವರ ಕೈಯದು ಇವರಿಗೇ ಇರಲಿ ಎಂದು ಲೆಕ್ಕ ಹಾಕಿ! ಕೋಮಲಾಳ ಮೈಯೆಲ್ಲ ಉರಿದುಹೋಯಿತು. ಅವಳು ಡಬ್ಬಿ ಎತ್ತಿಕೊಂಡು ಚಪ್ಪಲಿಯನ್ನೂ ಮೆಟ್ಟದೆ ಹೊರಟಳು.

"ಲೇ, ಎಲ್ಲಿಗೇ? ಏನಾಯ್ತೇ? ನಿಂತ್ಕಳೇ!" ಎಂದು ಕರಿಯಮ್ಮ ಕೂಗುತ್ತಲೇ ಇದ್ದಳು.

ಎದುರು ಮನೆಯ ಬಾಗಿಲು ತೆರೆದೇ ಇತ್ತು. ಕೋಮಲಾ ಜಗುಲಿಯಲ್ಲಿ ನಿಲ್ಲಲಿಲ್ಲ. ನೇರ ಹಾಲಿನ ಒಳಗೆ ಹೋದಳು. ಚಾಪೆಯ ಮೇಲೆ ಪ್ರತಿಮಾ ಮತ್ತು ಮೂಲೆ ಮನೆಯ ಸಂಗೀತಾ ಕೂತಿದ್ದರು. ಬೀದಿಯವರು ಕೊಟ್ಟ ಪೊಟ್ಟಣಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ದೊಡ್ಡ ಸ್ಟೀಲ್ ಡಬ್ಬಿಗೆ ಸುರಿಯುತ್ತಿದ್ದರು. ಎಲ್ಲರ ಎಳ್ಳೂ ಅದರೊಳಗೆ ಒಂದಾಗಿ ಬೆರೆತಿತ್ತು. ಪಕ್ಕದಲ್ಲಿ ಖಾಲಿ ಕವರುಗಳ ರಾಶಿ. ಅದರಲ್ಲಿ ನೇರಳೆ ಬಣ್ಣದ್ದು ಒಂದೂ ಇರಲಿಲ್ಲ.

"ಬನ್ನಿ ಕೋಮಲಾ, ಏನ್ರೀ ಈ ಹೊತ್ತಲ್ಲಿ..." ಎಂದು ಪ್ರತಿಮಾ ಅರ್ಧ ಎದ್ದಳು. ಡಬ್ಬಿ ಕಂಡು ಮುಖ ಬಿಳಿಚಿಕೊಂಡಿತು.

"ನಮ್ಮ ಚಿಕ್ಕವ್ವಂಗೆ ಕೊಟ್ರಂತಲ್ಲ."

"ಅಯ್ಯೋ, ಎಷ್ಟೊಂದು ಪ್ಯಾಕೆಟ್ ಬರ್ತಾವೆ ಕಣ್ರೀ, ಯಾರ್ದು ಯಾರಿಗೆ ಹೋಯ್ತು ಅಂತ ನೋಡೋಕಾಗುತ್ತಾ? ಕೈ ತಪ್ಪಿ ಹೋಗಿರುತ್ತೆ. ಎಲ್ಲರ ಮನೇಲೂ ಹಂಗೇ ಅಲ್ವಾ? ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ."

"ಹೋದ ವರ್ಷ ಕ್ಲಿಪ್ಪೂ ಕೈ ತಪ್ತಾ? ಕನ್ನಡೀನೂ ಕೈ ತಪ್ತಾ? ಸಂಗೀತಾ ಅವ್ರು ಕೊಟ್ಟಿದ್ದು ಡಬ್ಬಿಗೆ ಬಿತ್ತು, ನಂದು ಮಾತ್ರ ವರ್ಷ ವರ್ಷ ಕೈ ತಪ್ಪುತ್ತಾ? ಏನು ಕೈಯಪ್ಪ ನಿಮ್ದು!"

ಸಂಗೀತಾ ನೆಲ ನೋಡಿದಳು. ಪ್ರತಿಮಾ ದನಿ ತಗ್ಗಿಸಿ, "ತಪ್ಪು ತಿಳ್ಕೋಬೇಡಿ. ನಮ್ಮತ್ತೆ ಕಾಲದಿಂದ ಒಂದು ನಡ್ಕೊಂಡು ಬಂದಿದೆ. ನಂಗೇನೂ ಇಲ್ಲ..." ಎಂದಳು.

ಅಲ್ಲಿಗೆ ಕೋಮಲಾಳ ಬಾಯಿಂದ ಬಹುವಚನ ಬಿದ್ದು ಹೋಯಿತು.

"ಸತ್ತೋರ ಮೇಲೆ ಯಾಕೆ ಹಾಕ್ತೀಯಾ? ಆಯಮ್ಮ ಮಣ್ಣು ಸೇರಿ ಎರಡು ವರ್ಷ ಆಯ್ತು. ಗೋಡೆ ಮೇಲಿರೋ ಫೋಟೋ ಇಳಿದು ಬಂದು ಇವತ್ತು ತಿನ್ಬೇಡ ಅಂತಾ? ನಾ ಹೊಲಿದ ರವಿಕೆ ನಿನ್ನ ಮೈಗೆ ಆಗುತ್ತೆ. ನಾ ಹೆಚ್ಚಿದ ಕೊಬ್ಬರಿ ಬಾಯಿಗೆ ಆಗಲ್ವಾ? ನಿಂಗೇನೂ ಇಲ್ವಲ್ಲ? ತಗೋ, ತಿನ್ನು!"

ಅವಳು ಹಿಡಿ ಎಳ್ಳು ತೆಗೆದು ಚಾಚಿದಳು. ಪ್ರತಿಮಾ ಸಂಗೀತಾಳ ಕಡೆ ನೋಡಿ, ಆಮೇಲೆ ಅಂಗೈ ಒಡ್ಡಿದಳು. ಎಳ್ಳು ಅಂಗೈಗೆ ಬಿತ್ತು. ಅಂಗೈ ಅಲ್ಲೇ ಇತ್ತು, ಬಾಯಿಯ ಕಡೆ ಹೋಗಲಿಲ್ಲ.

"ಈಗ ತಾನೇ ಕಾಫಿ ಕುಡಿದೆ. ಆಮೇಲೆ ತಿಂತೀನಿ" ಎಂದಳು.

ಆ ಮಾತಿಗಿಂತ ಕಪಾಳಕ್ಕೆ ಬಾರಿಸಿದ್ದರೆ ಚೆನ್ನಾಗಿತ್ತು. ಕೋಮಲಾ ಡಬ್ಬಿಯನ್ನು ಎದೆಗೆ ಅವಚಿಕೊಂಡಳು. "ತಿನ್ಬೇಡ ಬಿಡು! ನಾಳೆಯಿಂದ ನಮ್ಮ ಚಿಕ್ಕವ್ವ ನಿನ್ನ ಮನೆ ಎಂಜಲು ತೊಳೆಯೋಕೂ ಬರಲ್ಲ. ನಿನ್ನ ಪಾತ್ರೆ ನೀನೇ ಉಜ್ಜಿಕೋ. ನಿನ್ನ ರವಿಕೆ ಹೊಲಿಯೋರನ್ನೂ ಬೇರೆ ಹುಡುಕ್ಕೋ" ಎಂದು ಬೀದಿಗೆ ಕೇಳುವ ಹಾಗೆ ಅಂದು ಹೊರಗೆ ಬಂದಳು.

ಮನೆಯಲ್ಲಿ ಕರಿಯಮ್ಮ ಗೋಡೆಗೆ ಒರಗಿ ಕೂತಿದ್ದಳು. ಶ್ರುತಿ ಅವಳ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು. ಅಳುತ್ತಲೇ ಮಗು ಅಜ್ಜಿಗೆ ಎಲ್ಲವನ್ನೂ ಹೇಳಿತ್ತು. ಕೋಮಲಾ ಡಬ್ಬಿಯನ್ನು ನೆಲಕ್ಕೆ ಕುಕ್ಕಿ, ನಿಂತುಕೊಂಡೇ, ಅಲ್ಲಿ ತಾನಂದದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದಳು. ಕೊನೆಗೆ, "ನಾಳೆಯಿಂದ ನೀನು ಆ ಮನೆಗೆ ಹೋಗಲ್ಲ ಅಂತಾನೂ ಹೇಳ್ಬಿಟ್ಟು ಬಂದಿದೀನಿ" ಎಂದಳು. ಚಿಕ್ಕವ್ವ ಭಲೇ ಎನ್ನುತ್ತಾಳೆಂದು ಕಾದಳು.

"ನನ್ನ ಕೇಳ್ದ್ಯಾ?" ಎಂದಳು ಕರಿಯಮ್ಮ.

"ಏನನ್ನ ಕೇಳೋದು?"

"ಕೆಲಸ ಬಿಡ್ತೀಯಾ ಅಂತ ನನ್ನ ಕೇಳ್ದ್ಯಾ ಅಂತ. ಅಲ್ಲಿಗೆ ಹೋಗೋದು ನಾನು. ಉಜ್ಜೋದು ನಾನು. ಬಿಡೋ ಮಾತು ಹೇಳೋಕೆ ನೀನ್ಯಾರೇ?"

"ಚಿಕ್ಕವ್ವ, ಅವಳು ಮಾಡಿದ್ದು ಗೊತ್ತಾದ ಮೇಲೂ ಹೋಗ್ತೀಯಾ ನೀನು? ಮಾನ ಮರ್ಯಾದೆ ಇಲ್ವಾ?"

ಕರಿಯಮ್ಮನ ದನಿ ಏರಿತು. "ಮಾನ ನಿಂಗೊಬ್ಬಳಿಗೇ ಇರೋದು ಅಂದ್ಕಂಡ್ಯಾ? ಆ ಮನೇಲಿ ನಂಗೆ ಕಾಫಿ ಕೊಡೋ ಲೋಟ ಹಿತ್ತಲ ಕಲ್ಲಿನ ಮೇಲೆ ಬೇರೆ ಇರ್ತದೆ. ಮೊದಲ್ನೇ ದಿನವೇ ನೋಡಿದೀನಿ, ನಿಂಗೆ ಹೇಳಿಲ್ಲ. ಹೇಳಿದ್ರೆ ನೀ ಹಿಂಗೇ ಕುಣೀತೀಯ ಅಂತ ಹೇಳಿಲ್ಲ. ಎಲ್ಲ ನುಂಗ್ಕಂಡು ಯಾಕಿದ್ದೆ ಗೊತ್ತಾ? ಹಬ್ಬ ಬಂದ್ರೆ, ಇಷ್ಟು ಚಂದಕ್ಕೆ ಕಟ್ಟಿ, ಒಳಗೊಂದು ಉಡುಗೊರೆ ಇಟ್ಟು, ನನ್ನ ಕೈಗೆ ಕೊಡ್ತಾರಲ್ಲ ಅಂತ. ಲೋಟ ಬೇರೆ ಇಟ್ರೂ ಮನಸ್ಸಲ್ಲಿ ನಾನಿವ್ನಿ ಅಂತ. ಆ ಕಾಗದಾನ ಬಿಚ್ಚಿ, ನೀವಿ, ಮಡ್ಸಿ, ಟ್ರಂಕಿನೊಳಗೆ ಮಡಿಕ್ಕಂಡಿವ್ನಿ ಕಣೇ ನಾನು, ಎಲ್ಲಾ ವರ್ಷದ್ದೂವೆ."

ಕೋಮಲಾ ಕೂತಳು. ಚಿಕ್ಕವ್ವ ಅಳುತ್ತಿರಲಿಲ್ಲ. ಸಿಟ್ಟಾಗಿದ್ದಳು.

"ಅವಳು ನಿಂಗೆ ಮೋಸ ಮಾಡಿದ್ಲು, ಸರಿ. ನಂಗೂ ಮಾಡಿದ್ಲು. ಅದನ್ನ ನಾಳೆ ನಾನೇ ಹೋಗಿ ಕೇಳ್ತೀನಿ, ನನ್ನ ಬಾಯಿಂದ ನಾನೇ ಬಿಡ್ತೀನಿ. ಅದು ಬಿಡು. ನಿನ್ನ ಒಂದು ಮಾತು ಕೇಳ್ತೀನಿ, ಹೇಳು. ನೀನು ನೋಡಿದ ತಕ್ಷಣ ಇದು ನಂದೇ ಅಂತ ಗುರುತು ಹಿಡಿದೆ. ಇಷ್ಟು ವರ್ಷದಿಂದ ಇದು ನನ್ನ ಕೈಗೆ ಬತ್ತಾ ಅದೆ. ನಿನ್ನ ಸ್ವಂತ ಚಿಕ್ಕವ್ವಂಗೆ ಯಾಕೆ ಗುರುತು ಸಿಗ್ಲಿಲ್ಲ?"

ಕೋಮಲಾಗೆ ಪ್ರಶ್ನೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಪ್ರತಿ ಸಂಕ್ರಾಂತಿಯ ಮಾರನೇ ದಿನ ಅವಳು ಕರಿಯಮ್ಮನಿಗೆ ಎಳ್ಳು ಕೊಡುತ್ತಿದ್ದಳು, ಕೊಡದೆ ಏನೂ ಇರಲಿಲ್ಲ. ತಟ್ಟೆಯ ತಳದಲ್ಲಿ ಉಳಿದ ಬೆಲ್ಲದ ಪುಡಿ, ಕೊಬ್ಬರಿಯ ಕಪ್ಪು ಅಂಚು, ಕೊಕ್ಕು ಮುರಿದ ಗಿಣಿ, ಎಲ್ಲವನ್ನೂ ಬೇಕರಿಯ ಹಳೇ ಪ್ಲಾಸ್ಟಿಕ್ ಕವರಿಗೆ ಸುರಿದು, ಬಾಯಿಗೆ ಗಂಟು ಹಾಕಿ, ಬೀದಿಯಲ್ಲಿ ಸಿಕ್ಕಿದಾಗ ಕೈಗೆ ತುರುಕುತ್ತಿದ್ದಳು. ಪೊಟ್ಟಣ ಕಟ್ಟುವಾಗ ಕರಿಯಮ್ಮನ ಹೆಸರು ಅವಳ ತಲೆಗೇ ಬಂದಿರಲಿಲ್ಲ.

"ನೀನು ನಮ್ಮೋಳೇ ಅಲ್ವಾ ಚಿಕ್ಕವ್ವ..." ಎಂದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಹ್ಞೂ. ನಮ್ಮೋಳು" ಎಂದು ಕರಿಯಮ್ಮ ಶ್ರುತಿಯ ತಲೆಯನ್ನು ಮೆಲ್ಲಗೆ ಕೆಳಗಿಳಿಸಿ ಎದ್ದಳು. ಕೋಮಲಾ ಗಡಿಬಿಡಿಯಿಂದ ಹೊಲಿಗೆ ಮೆಷಿನ್ನಿನ ಮೇಲೆ ಉಳಿದಿದ್ದ ನೇರಳೆ ಕಾಗದದ ಹಾಳೆಗೆ ಕೈ ಹಾಕಿದಳು.

"ಮುಟ್ಟಬ್ಯಾಡ" ಎಂದಳು ಕರಿಯಮ್ಮ. "ಈಗ ನೀ ಕಟ್ಟೋದು ಆಯಮ್ಮನ ಮೇಲಿನ ಸಿಟ್ಟಿಗೆ. ಅದು ನಂಗೆ ಬ್ಯಾಡ."

ಅವಳು ಬಗ್ಗಿ, ನೆಲದ ಮೇಲಿದ್ದ ಡಬ್ಬಿಯಿಂದ ನಾಲ್ಕು ಕಾಳು ಎಳ್ಳು, ಒಂದು ಚೂರು ಕೊಬ್ಬರಿ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಇಷ್ಟು ರುಚಿಯಾಗಿ ಮಾಡ್ತೀಯ ಅಂತ ಗೊತ್ತೇ ಇರ್ಲಿಲ್ಲ ಕಣೇ" ಎಂದು ಹೇಳಿ, ಸೆರಗು ಹೊದ್ದುಕೊಂಡು ಹೊರಟುಹೋದಳು.